ಅವಸರದಲ್ಲಿ ಹುಟ್ಟಿದ ಕೆಂಪು ವಿಮಾನ

(ಬೆಂಗಳೂರಿನಲ್ಲಿ ವಿಜ್ಞಾನಾಸಕ್ತರ ಸಭೆಯೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಪರದೆಯ ಮೇಲೆ ಕಾಣುತ್ತಿರುವ ಈ ಕೆಂಪು ವಿಮಾನದ ಹೆಸರು ಡಿಎಚ್ 88 ಕಾಮೆಟ್, ಕಟ್ಟಿದ್ದು ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿ. ಕಾಮೆಟ್ ಎಂದೊಡನೆ ಸಭೆಯಲ್ಲಿರುವ ಹಿರಿಯರಿಗೆ ಅದೇ ಕಂಪನಿಯ ಜೆಟ್ ಪ್ರಯಾಣಿಕ ವಿಮಾನ ನೆನಪಾಗಬಹುದು. ಅದು ಮೊದಲು ಹಾರಿದ್ದು 1949ರಲ್ಲಿ. ಇದು ಅದಕ್ಕಿಂತ 15 ವರ್ಷ ಹಿಂದಿನದು. ಮರದ ಮೈ, ಎರಡು ಎಂಜಿನ್, ಒಬ್ಬರ ಹಿಂದೆ ಒಬ್ಬರಂತೆ ಇಬ್ಬರಿಗೆ ಮಾತ್ರ ಜಾಗ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ 13.4 ಮೀಟರ್, ಮೂತಿಯಿಂದ ಬಾಲಕ್ಕೆ 8.8 ಮೀಟರ್. ಟ್ಯಾಂಕುಗಳು ಕಂಠಮಟ್ಟ ತುಂಬಿದ್ದಾಗಲೂ ತೂಕ ಸುಮಾರು 2,500 ಕಿಲೋ. ಇಂಥವನ್ನು ಕಟ್ಟಿದ್ದು ಒಟ್ಟು 5. ಉಳಿದಿರುವುದು 2. ಆ ಎರಡರಲ್ಲಿ ದುರಸ್ತಿಯಾಗಿ ಮತ್ತೆ ಆಕಾಶಕ್ಕೇರಿದ್ದು ಇದೊಂದೇ.

ಹಳೆಯ ವಿಮಾನಗಳ ದುರಸ್ತಿ ಎಂದರೆ ತುಕ್ಕು ಉಜ್ಜಿ ಬಣ್ಣ ಬಳಿಯುವ ಕೆಲಸ ಎಂದು ತಿಳಿದವರು ಬಹಳ. ವಿಮಾನ ನಿರ್ವಹಣೆಯ ಕೆಲಸದಲ್ಲಿ ವಯಸ್ಸು ಕಳೆದ ನನಗೆ ಈ ಕಾಮೆಟ್ ಮೇಲೆ ವಿಶೇಷ ಮಮತೆ ಇರುವುದಕ್ಕೆ ಕಾರಣವೇ ಬೇರೆ. ಇದನ್ನು ಕಟ್ಟಿದವರು ಬಾಳಿಕೆ ಬರಲಿ ಎಂದು ಕಟ್ಟಲಿಲ್ಲ. ಒಂದು ಪಂದ್ಯ, ಒಂದು ದಾರಿ, ಮೂರು ನಾಲ್ಕು ದಿನದ ಹಾರಾಟ. ಅಷ್ಟಕ್ಕೆ ಸಾಕಾದರೆ ಆಯಿತು ಎಂದು ಕಟ್ಟಿದರು. ಆ ಅವಸರ ಈ ವಿಮಾನದ ಪ್ರತಿಯೊಂದು ಅಂಗದಲ್ಲೂ ಕಾಣುತ್ತದೆ. ಅರ್ಧ ಶತಮಾನದ ನಂತರ ದುರಸ್ತಿಗೆ ಕೈಹಾಕಿದವರು ಕಾದಾಡಬೇಕಾಗಿ ಬಂದದ್ದು ಆ ಅವಸರದ ಜೊತೆಗೆ. ಹಾಗಾಗಿ ದುರಸ್ತಿಯ ಕಥೆಗೆ ಮೊದಲು ಅವಸರದ ಕಥೆ ಹೇಳಬೇಕು.

ಆಸ್ಟ್ರೇಲಿಯಾದ ಮೆಲ್ಬರ್ನ್ ನಗರದಲ್ಲಿ ಸರ್ ಮ್ಯಾಕ್‌ಫರ್ಸನ್ ರಾಬರ್ಟ್‌ಸನ್ ಎಂಬ ಮಿಠಾಯಿ, ಚಾಕೊಲೇಟ್ ಉದ್ಯಮಿ ಇದ್ದರು. 1934ಕ್ಕೆ ವಿಕ್ಟೋರಿಯಾ ರಾಜ್ಯಕ್ಕೆ ನೂರು ವರ್ಷ. ಆ ಸಂಭ್ರಮಕ್ಕೆ ಇಂಗ್ಲೆಂಡಿನಿಂದ ಮೆಲ್ಬರ್ನಿಗೆ ವಿಮಾನ ಪಂದ್ಯ ನಡೆಯಲಿ ಎಂದು ಅವರು 15,000 ಪೌಂಡ್ ಬಹುಮಾನವನ್ನೂ ಒಂದು ಚಿನ್ನದ ಕಪ್ಪನ್ನೂ ಘೋಷಿಸಿದರು. ದೂರ 11,300 ಮೈಲಿ, ಅಂದರೆ 18,000 ಕಿಲೋಮೀಟರಿಗೂ ಹೆಚ್ಚು. ಬಾಗ್ದಾದ್, ಅಲಹಾಬಾದ್, ಸಿಂಗಪುರ, ಡಾರ್ವಿನ್, ಚಾರ್ಲ್‌ವಿಲ್ ಈ ಐದು ಊರುಗಳಲ್ಲಿ ಇಳಿಯಲೇಬೇಕು. ಬಾಗ್ದಾದಿನಿಂದ ಅಲಹಾಬಾದಿಗೇ 2,300 ಮೈಲಿ. ಅಷ್ಟು ದೂರವನ್ನು ಒಂದೇ ಉಸಿರಿನಲ್ಲಿ ವೇಗವಾಗಿ ಹಾರಬಲ್ಲ ಬ್ರಿಟಿಷ್ ವಿಮಾನ ಆಗ ಇರಲಿಲ್ಲ. ಅಮೆರಿಕದವರ ಬಳಿ ಡಗ್ಲಸ್, ಬೋಯಿಂಗ್ ಕಂಪನಿಗಳ ಹೊಸ ಲೋಹದ ವಿಮಾನಗಳಿದ್ದವು. ಸಾಮ್ರಾಜ್ಯದ ಎರಡು ತುದಿಗಳ ನಡುವಿನ ಪಂದ್ಯವನ್ನು ಅಮೆರಿಕದ ಯಂತ್ರ ಗೆದ್ದುಕೊಂಡು ಹೋದರೆ ಮಾನ ಉಳಿಯುವುದಿಲ್ಲ ಎಂಬ ಚಿಂತೆ ಬ್ರಿಟನ್ನಿನಲ್ಲಿ ಹುಟ್ಟಿತು.

1934ರ ಆರಂಭದಲ್ಲಿ ಡಿ ಹ್ಯಾವಿಲೆಂಡ್ ಕಂಪನಿ ಒಂದು ಪ್ರಕಟಣೆ ಹೊರಡಿಸಿತು. ಫೆಬ್ರವರಿ ಮುಗಿಯುವುದರೊಳಗೆ ಯಾರಾದರೂ ಬೇಡಿಕೆ ಕೊಟ್ಟರೆ, ಗಂಟೆಗೆ 200 ಮೈಲಿ ವೇಗದ ಖಾತರಿಯುಳ್ಳ ಪಂದ್ಯದ ವಿಮಾನವನ್ನು 5,000 ಪೌಂಡಿಗೆ ಕಟ್ಟಿಕೊಡುತ್ತೇವೆ ಎಂದಿತು. ಗಮನಿಸಿ, ಆಗ ಆ ವಿಮಾನ ಇನ್ನೂ ಕಾಗದದ ಮೇಲಿತ್ತು. 5,000 ಪೌಂಡ್ ಎಂಬುದು ತಯಾರಿಕೆಯ ವೆಚ್ಚಕ್ಕೂ ಸಾಲದ ಮೊತ್ತ. ಮೂವರು ಮುಂದೆ ಬಂದರು. ಜಿಮ್ ಮಾಲಿಸನ್ ಮತ್ತು ಅವರ ಪತ್ನಿ ಏಮಿ ಜಾನ್ಸನ್ ಒಂದನ್ನು ಕೊಂಡರು. ಲಂಡನ್ನಿನ ಗ್ರೋವ್ನರ್ ಹೌಸ್ ಹೋಟೆಲಿನ ಮುಖ್ಯಸ್ಥ ಎ. ಒ. ಎಡ್ವರ್ಡ್ಸ್ ಇನ್ನೊಂದನ್ನು, ಕಾರು ಪಂದ್ಯಗಳ ಚಾಲಕ ಬರ್ನಾರ್ಡ್ ರೂಬಿನ್ ಮತ್ತೊಂದನ್ನು ಕೊಂಡರು. ಮಾಲಿಸನ್ ದಂಪತಿಯದು ಕಪ್ಪು ಮೈಗೆ ಚಿನ್ನದ ಬಣ್ಣದ ಅಕ್ಷರ, ಹೆಸರು 'ಬ್ಲ್ಯಾಕ್ ಮ್ಯಾಜಿಕ್'. ಎಡ್ವರ್ಡ್ಸರದು ಕೆಂಪು, ಹೋಟೆಲಿನ ಹೆಸರೇ ಅದರ ಹೆಸರು. ರೂಬಿನ್ನರದು ಹಸಿರು, ಅದಕ್ಕೆ ಹೆಸರೇ ಇಡಲಿಲ್ಲ. ಪಂದ್ಯ ಅಕ್ಟೋಬರ್ 20ಕ್ಕೆ. ಮೊದಲ ಕಾಮೆಟ್ ಹ್ಯಾಟ್‌ಫೀಲ್ಡಿನಲ್ಲಿ ಹಾರಿದ್ದು ಸೆಪ್ಟೆಂಬರ್ 8ರಂದು. ಅಂದರೆ ಪರೀಕ್ಷೆ ಮಾಡಿ, ತಪ್ಪು ತಿದ್ದಿ, ಪೈಲಟ್‌ಗಳಿಗೆ ಅಭ್ಯಾಸ ಮಾಡಿಸಲು ಸಿಕ್ಕಿದ್ದು ಬರೀ ಆರು ವಾರ. ಇಂದು ಒಂದು ಸೀಟಿನ ಬೆಲ್ಟಿಗೆ ಅನುಮೋದನೆ ಪಡೆಯಲು ಅದಕ್ಕಿಂತ ಹೆಚ್ಚು ಕಾಲ ಹಿಡಿಯುವುದನ್ನು ನಾನು ಕಂಡಿದ್ದೇನೆ.

ವಿನ್ಯಾಸಕಾರ ಎ. ಇ. ಹ್ಯಾಗ್ ಅವರ ಮುಂದಿದ್ದ ಕಷ್ಟ ಏನೆಂದು ನೋಡೋಣ. ವೇಗ ಬೇಕಾದರೆ ರೆಕ್ಕೆ ತೆಳ್ಳಗಿರಬೇಕು, ಅದನ್ನು ಎಳೆದು ಹಿಡಿಯುವ ತಂತಿ, ಊರುಗೋಲುಗಳು ಹೊರಗೆ ಇರಕೂಡದು. ತೆಳ್ಳಗಿನ ರೆಕ್ಕೆಯೊಳಗೆ ದಪ್ಪ ತೊಲೆ ಹಿಡಿಸುವುದಿಲ್ಲ. ಹಾಗಾದರೆ ಭಾರ ಹೊರುವವರು ಯಾರು? ಹೊರಮೈಯೇ ಹೊರಲಿ ಎಂದು ಹ್ಯಾಗ್ ತೀರ್ಮಾನಿಸಿದರು. ಲೋಹದಲ್ಲಿ ಆ ಕೆಲಸ ಮಾಡಲು ಅಚ್ಚು, ಪರಿಕರ, ಸಮಯ ಯಾವುದೂ ಇರಲಿಲ್ಲ. ಕಂಪನಿಯ ಬಳಿ ಇದ್ದದ್ದು ಮರ ಮತ್ತು ಮರ ಬಲ್ಲ ಕೈಗಳು. ಪ್ಲೈವುಡ್ ಹಾಳೆ ಒಂದು ದಿಕ್ಕಿಗೆ ಬಾಗುತ್ತದೆ, ಏಕಕಾಲಕ್ಕೆ ಎರಡು ದಿಕ್ಕಿಗೆ ಬಾಗುವುದಿಲ್ಲ. ರೆಕ್ಕೆಯ ಮೈ ಎರಡೂ ದಿಕ್ಕಿಗೆ ಬಾಗಿರುತ್ತದೆ. ಅದಕ್ಕೆ ಅವರು ಸ್ಪ್ರೂಸ್ ಮರವನ್ನು ಕಿರಿದಾದ ಪಟ್ಟಿಗಳಾಗಿ ಸೀಳಿಸಿ, ಒಂದು ಪದರವನ್ನು ಓರೆಯಾಗಿ ಹಾಸಿ, ಅದರ ಮೇಲೆ ಇನ್ನೊಂದು ಪದರವನ್ನು ಎದುರು ಓರೆಯಲ್ಲಿ ಅಂಟಿಸಿದರು. ದೋಣಿ ಕಟ್ಟುವವರಿಗೆ ಹಿಂದಿನಿಂದ ಗೊತ್ತಿದ್ದ ವಿದ್ಯೆ ಇದು. ರೆಕ್ಕೆ ಒಡಲಿಗೆ ಕೂಡುವ ಬುಡದಲ್ಲಿ ಪಟ್ಟಿ ದಪ್ಪ, ತುದಿಯ ಕಡೆಗೆ ಹೋದಂತೆ ತೆಳು. ಎಲ್ಲಿ ಎಷ್ಟು ಭಾರ ಬೀಳುತ್ತದೋ ಅಲ್ಲಿ ಅಷ್ಟೇ ಮರ, ಒಂದು ಕೂದಲೆಳೆಯೂ ಹೆಚ್ಚಿಲ್ಲ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ದುರಸ್ತಿಯ ಹೊತ್ತಿಗೆ ಮತ್ತೆ ಬೇಕಾಗುತ್ತದೆ.

ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಪ್ರೊಪೆಲ್ಲರ್. ಬೈಕಿನಲ್ಲಿ ಹೊರಡುವಾಗ ಮೊದಲ ಗೇರ್, ರಸ್ತೆ ಹಿಡಿದ ಮೇಲೆ ಮೇಲಿನ ಗೇರ್ ಬೇಕಲ್ಲವೇ? ಹಾಗೆಯೇ ಪ್ರೊಪೆಲ್ಲರಿನ ಅಲಗು ನೆಲದಿಂದ ಏಳುವಾಗ ಗಾಳಿಯನ್ನು ತೆಳ್ಳಗೆ ಸೀಳಬೇಕು, ವೇಗ ಬಂದ ಮೇಲೆ ಹೆಚ್ಚು ಓರೆಯಾಗಿ ಗಾಳಿಯನ್ನು ಕಚ್ಚಬೇಕು. ಕಾಮೆಟ್‌ಗೆ ಹೊಂದಿದ್ದು ಫ್ರಾನ್ಸಿನ ರಾಟಿಯೇ ಕಂಪನಿಯ ಪ್ರೊಪೆಲ್ಲರ್. ಹೊರಡುವ ಮೊದಲು ಮೆಕ್ಯಾನಿಕ್ ಒಬ್ಬ ಪ್ರೊಪೆಲ್ಲರಿನ ಮುಂದೆ ನಿಂತು ಸೈಕಲ್ ಪಂಪಿನಿಂದ ಅದರ ನಡುಭಾಗಕ್ಕೆ ಗಾಳಿ ತುಂಬುತ್ತಿದ್ದ. ಆ ಗಾಳಿಯ ಒತ್ತಡ ಅಲಗುಗಳನ್ನು ಮೊದಲ ಓರೆಯಲ್ಲಿ ಹಿಡಿದಿಡುತ್ತಿತ್ತು. ಪ್ರೊಪೆಲ್ಲರಿನ ಮೂತಿಯ ತುದಿಯಲ್ಲಿ ಒಂದು ಪುಟ್ಟ ಬಿಲ್ಲೆ ಇರುತ್ತಿತ್ತು. ವಿಮಾನ ಗಂಟೆಗೆ 150 ಮೈಲಿ ವೇಗದ ಸುಮಾರಿಗೆ ಬಂದಾಗ ಎದುರುಗಾಳಿ ಆ ಬಿಲ್ಲೆಯನ್ನು ಒಳಕ್ಕೆ ಒತ್ತಿ ಕವಾಟ ತೆರೆಯುತ್ತಿತ್ತು, ತುಂಬಿದ್ದ ಗಾಳಿ ಹೊರಹೋಗಿ ಅಲಗುಗಳು ಎರಡನೆಯ ಓರೆಗೆ ತಿರುಗುತ್ತಿದ್ದವು. ಅಷ್ಟೇ. ಮತ್ತೆ ಹಿಂದಕ್ಕೆ ತರುವ ದಾರಿ ಪೈಲಟ್‌ಗೆ ಇಲ್ಲ. ಇಳಿಯುವಾಗ ಏನೋ ಎಡವಟ್ಟಾಗಿ ಮತ್ತೆ ಮೇಲೇರಬೇಕೆಂದರೆ ಮೇಲಿನ ಗೇರಿನಲ್ಲೇ ದಿಬ್ಬ ಹತ್ತಬೇಕು. ಕೆಳಗಿಳಿದ ಮೇಲೆ ಸೈಕಲ್ ಪಂಪ್ ಹುಡುಕಬೇಕು. ಪಂದ್ಯದಲ್ಲಿ ಏಳುವುದು, ಹಾರುವುದು, ಇಳಿಯುವುದು ಇಷ್ಟೇ ಇರುವುದರಿಂದ ಸಾಕು ಎಂದುಕೊಂಡರು. ಆ ಲೆಕ್ಕ ತಪ್ಪೇನೂ ಆಗಿರಲಿಲ್ಲ.

ಪೈಲಟ್ ಕೂರುವ ಜಾಗವೂ ಇಂಥದ್ದೇ ರಾಜಿ. ಇಂಧನ ಖಾಲಿಯಾದಂತೆ ವಿಮಾನದ ತೂಗು ಕೆಡಬಾರದೆಂದು ದೊಡ್ಡ ಟ್ಯಾಂಕುಗಳನ್ನು ಒಡಲಿನ ಮುಂಭಾಗದಲ್ಲಿ ಇಟ್ಟರು. ಒಟ್ಟು 258 ಗ್ಯಾಲನ್ ಹಿಡಿಯುತ್ತಿತ್ತು. ಅವು ಮುಂದೆ ಕುಳಿತದ್ದರಿಂದ ಮನುಷ್ಯರು ಹಿಂದೆ ಸರಿದರು, ರೆಕ್ಕೆಯ ಹಿಂಭಾಗಕ್ಕೆ. ನೆಲದ ಮೇಲೆ ಬಾಲ ಊರಿ ನಿಂತಾಗ ಪೈಲಟ್‌ಗೆ ಎದುರು ಕಾಣುವುದು ಉದ್ದನೆಯ ಕೆಂಪು ಮೂತಿ, ಅಕ್ಕಪಕ್ಕದಲ್ಲಿ ಎಂಜಿನ್‌ಗಳು. ರನ್‌ವೇ ಕಾಣುವುದಿಲ್ಲ. ಚಕ್ರಗಳನ್ನು ಒಳಗೆ ಎಳೆದುಕೊಳ್ಳಲು ಕೈಯಿಂದ ತಿರುಗಿಸುವ ಗಾಲಿ. ವೇಗ ಒಂದು ಮಿತಿಗಿಂತ ಇಳಿದರೆ ಮುನ್ಸೂಚನೆ ಕೊಡದೆ ಒಂದು ರೆಕ್ಕೆ ಧೊಪ್ಪನೆ ಕುಸಿಯುವ ಸ್ವಭಾವ. ಎಂಜಿನ್‌ಗಳು ಜಿಪ್ಸಿ ಸಿಕ್ಸ್ ಆರ್, ಒಂದೊಂದಕ್ಕೆ 230 ಅಶ್ವಶಕ್ತಿ. ಆರು ಸಿಲಿಂಡರುಗಳು ಸಾಲಾಗಿ ತಲೆಕೆಳಗಾಗಿ ನೇತಾಡುತ್ತಿರುತ್ತವೆ, ಹೀಗೆ ಕೂರಿಸಿದರೆ ಪ್ರೊಪೆಲ್ಲರ್ ನೆಲದಿಂದ ಎತ್ತರದಲ್ಲಿರುತ್ತದೆ. ಆದರೆ ವಿಮಾನ ನಿಂತಿದ್ದಾಗ ಎಣ್ಣೆ ಜಿನುಗಿ ಕೆಳಗಿರುವ ಸಿಲಿಂಡರಿನ ತಲೆಯಲ್ಲಿ ಸೇರುತ್ತದೆ. ಅದನ್ನು ನೋಡದೆ ಎಂಜಿನ್ ಚಾಲೂ ಮಾಡಿದರೆ ಪಿಸ್ಟನ್‌ಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಿತೆಂದೇ ಲೆಕ್ಕ. ಹಾಗಾಗಿ ಮೊದಲು ಪ್ರೊಪೆಲ್ಲರನ್ನು ಕೈಯಿಂದ ನಿಧಾನವಾಗಿ ಸುತ್ತಿಸಿ ನೋಡುವುದು ಇಂಥ ಎಂಜಿನ್‌ಗಳ ಹತ್ತಿರ ಕೆಲಸ ಮಾಡುವವರ ಮೊದಲ ಪಾಠ.

ಅಕ್ಟೋಬರ್ 20ರ ಬೆಳಗಿನ ಜಾವ ಇಂಗ್ಲೆಂಡಿನ ಮಿಲ್ಡನ್‌ಹಾಲ್ ವಾಯುನೆಲೆಯಿಂದ 20 ವಿಮಾನಗಳು ಹೊರಟವು. ಮೊದಲು ಹೊರಟದ್ದು ಬ್ಲ್ಯಾಕ್ ಮ್ಯಾಜಿಕ್. ಮಾಲಿಸನ್ ದಂಪತಿ ಎಲ್ಲೂ ನಿಲ್ಲದೆ ಬಾಗ್ದಾದ್ ತಲುಪಿ, ಅಲ್ಲಿಂದ ಕರಾಚಿಗೆ ಬಂದಾಗ ಎಲ್ಲರಿಗಿಂತ ಮುಂದಿದ್ದರು. ಆಮೇಲೆ ಗ್ರಹಚಾರ ಕೆಟ್ಟಿತು. ಕರಾಚಿಯಿಂದ ಹೊರಟರೆ ಚಕ್ರ ಒಳಗೆ ಹೋಗಲಿಲ್ಲ, ಮರಳಿ ಬಂದರು. ಮತ್ತೆ ಹೊರಟು ರಾತ್ರಿಯಲ್ಲಿ ದಾರಿ ತಪ್ಪಿದರು. ಅಲಹಾಬಾದಿಗೆ ಹೋಗಬೇಕಾದವರು ಇಳಿದದ್ದು ಜಬಲ್ಪುರದಲ್ಲಿ. ಅಲ್ಲಿ ವಿಮಾನದ ಇಂಧನ ಇರಲಿಲ್ಲ. ಊರಿನ ಬಸ್ ಕಂಪನಿಯಿಂದ ಪೆಟ್ರೋಲ್ ತರಿಸಿ ತುಂಬಿದರು. ಬಸ್ಸಿನ ಪೆಟ್ರೋಲಿಗೂ ಪಂದ್ಯದ ಎಂಜಿನ್ನಿಗೂ ಏನು ಜಗಳ ಎಂದು ಕೇಳಬಹುದು. ಜಿಪ್ಸಿ ಸಿಕ್ಸ್ ಆರ್ ಎಂಜಿನ್ನಿನ ಸಂಕೋಚನ ಪ್ರಮಾಣ 6.5ಕ್ಕೆ 1, ಅಂದರೆ ಸಿಲಿಂಡರಿಗೆ ಬಂದ ಇಂಧನ, ಗಾಳಿಯ ಮಿಶ್ರಣವನ್ನು ಅದು ಆರೂವರೆಯಲ್ಲಿ ಒಂದು ಪಾಲಿಗೆ ಅದುಮುತ್ತದೆ. ಇಂದಿನ ಬೈಕುಗಳಿಗೆ ಹೋಲಿಸಿದರೆ ಅದೇನೂ ದೊಡ್ಡದಲ್ಲ, ಆದರೆ ಆ ಕಾಲದ ಬಸ್ಸಿನ ಪೆಟ್ರೋಲಿಗೆ ಅದು ತಡೆಯಲಾರದ ಒತ್ತಡ. ಕಿಡಿ ಹೊತ್ತಿಸಿದ ಕಡೆಯಿಂದ ಬೆಂಕಿ ಸಮನಾಗಿ ಹರಡುವ ಬದಲು ಇಂಧನ ಅಲ್ಲಲ್ಲಿ ತಾನಾಗಿ ಸಿಡಿಯುತ್ತದೆ. ಗ್ಯಾರೇಜಿನವರು ನಾಕಿಂಗ್ ಎನ್ನುವುದು ಇದನ್ನೇ. ಒಂದು ಪಿಸ್ಟನ್ ಕಚ್ಚಿಕೊಂಡಿತು, ಎಣ್ಣೆಯ ಕೊಳವೆ ಒಡೆಯಿತು. ಒಂದೇ ಎಂಜಿನ್ನಿನಲ್ಲಿ ತೆವಳಿಕೊಂಡು ಅಲಹಾಬಾದ್ ಸೇರಿದರು, ಪಂದ್ಯ ಅಲ್ಲಿಗೆ ಮುಗಿಯಿತು. ಏಮಿ ಜಾನ್ಸನ್‌ಗೆ ಈ ದಾರಿ ಹೊಸದಲ್ಲ. 1930ರಲ್ಲಿ ಒಂಟಿಯಾಗಿ ಆಸ್ಟ್ರೇಲಿಯಾಕ್ಕೆ ಹಾರುವಾಗ ಅಲಹಾಬಾದ್ ಮುಟ್ಟಲಾರದೆ ಝಾನ್ಸಿಯ ಸೇನಾ ಪೆರೇಡ್ ಮೈದಾನದಲ್ಲಿ ಇಳಿದವರು ಆಕೆ. ನಮ್ಮ ಮಧ್ಯ ಭಾರತ ಆಕೆಯನ್ನು ಎರಡು ಸಲ ಕಾಡಿತು ಎನ್ನಬೇಕು. ಅದೇ ಪಂದ್ಯದಲ್ಲಿ ಅಲಹಾಬಾದಿನಲ್ಲೇ ಡಚ್ಚರ ಪಾಂಡರ್ ವಿಮಾನ ಮೇಲೇಳುವಾಗ ವಾಹನವೊಂದಕ್ಕೆ ಬಡಿದು ಸುಟ್ಟುಹೋಯಿತು.

ಕೆಂಪು ಕಾಮೆಟ್‌ನಲ್ಲಿ ಇದ್ದವರು ಸಿ. ಡಬ್ಲ್ಯು. ಎ. ಸ್ಕಾಟ್ ಮತ್ತು ಟಾಮ್ ಕ್ಯಾಂಬೆಲ್ ಬ್ಲ್ಯಾಕ್. ಇವರು ಕಿರ್ಕುಕ್‌ನಲ್ಲಿ ಇಳಿದು ಇಂಧನ ತುಂಬಿ ಬಾಗ್ದಾದಿಗೆ ಬಂದು, ಅಲ್ಲಿಂದ ನೇರ ಅಲಹಾಬಾದಿಗೆ ಹಾರಿ ಮುಂದಾದರು. ಡಾರ್ವಿನ್ ತಲುಪುವ ಮುಂಚೆ ಟಿಮೋರ್ ಸಮುದ್ರದ ಮೇಲೆ ಎಡ ಎಂಜಿನ್ನಿನ ಎಣ್ಣೆಯ ಒತ್ತಡ ಬಿದ್ದುಹೋಯಿತು. ಅದನ್ನು ಸುಧಾರಿಸಿಕೊಂಡು, ಶಕ್ತಿ ಕುಂದಿದ ಎಂಜಿನ್ನಿನೊಂದಿಗೇ ಅಕ್ಟೋಬರ್ 23ರಂದು ಮೆಲ್ಬರ್ನ್ ತಲುಪಿದರು. ಹೊರಟು 71 ಗಂಟೆ ಆಗಿತ್ತು. ಎರಡನೆಯ ಸ್ಥಾನಕ್ಕೆ ಬಂದದ್ದು ಕೆಎಲ್‌ಎಂ ಕಂಪನಿಯ ಡಗ್ಲಸ್ ಡಿಸಿ-2, ಅಂಚೆ ಚೀಲಗಳನ್ನೂ ಪ್ರಯಾಣಿಕರನ್ನೂ ಹೊತ್ತುಕೊಂಡು, 90 ಗಂಟೆಯ ಸುಮಾರಿಗೆ. ಇದರ ಅರ್ಥ ತಿಳಿದವರಿಗೆ ತಿಳಿಯಿತು. ಕಪ್ ಬ್ರಿಟನ್ನಿನ ಮರದ ವಿಮಾನಕ್ಕೆ ಬಂತು, ಮುಂದಿನ ಕಾಲ ಅಮೆರಿಕದ ಲೋಹದ ವಿಮಾನದ ಪಾಲಾಯಿತು. ಆ ಡಿಸಿ-2ರ ತಮ್ಮನೇ ಡಿಸಿ-3, ನಮ್ಮ ಡಕೋಟ. ಯುದ್ಧದ ನಂತರ ನಮ್ಮ ಎಚ್‌ಎಎಲ್ ಕಾರ್ಖಾನೆಯಲ್ಲಿ ಸಾಲು ಸಾಲಾಗಿ ನಿಂತು ದುರಸ್ತಿಯಾದವು ಅವೇ.

ಪಂದ್ಯ ಗೆದ್ದ ಮೇಲೆ ಕೆಂಪು ಕಾಮೆಟ್‌ನ ಪಾಡು ಏನಾಯಿತು? ಬ್ರಿಟನ್ನಿನ ವಾಯು ಸಚಿವಾಲಯ ಪರೀಕ್ಷೆಗೆಂದು ಕೊಂಡುಕೊಂಡಿತು. ಕೆಂಪು ಹೋಗಿ ಕೆ5084 ಎಂಬ ಸೇನಾ ಸಂಖ್ಯೆ ಬಂತು. ಇಳಿಯುವಾಗ ಪದೇ ಪದೇ ಅಪಘಾತ. 1936ರಲ್ಲಿ ಗುಜರಿಗೆ ಮಾರಿದರು. ಎರಡೇ ವರ್ಷದ ಹಿಂದೆ ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿದ್ದ ಯಂತ್ರ! ಆಗ ಟ್ಯಾಸ್ಕರ್ ಎಂಬವರು ಅದನ್ನು ಕೊಂಡು, ಗ್ರೇವ್ಸ್‌ಎಂಡ್‌ನ ಎಸೆಕ್ಸ್ ಏರೋ ಕಾರ್ಖಾನೆಯಲ್ಲಿ ಮತ್ತೆ ಕಟ್ಟಿಸಿದರು. ಪಂದ್ಯದ ಆರ್ ಎಂಜಿನ್‌ಗಳು ಹೋಗಿ ಜಿಪ್ಸಿ ಸಿಕ್ಸ್ ಎರಡನೆಯ ಮಾದರಿ ಬಂತು. ಆದ್ದರಿಂದ ಈ ವಿಮಾನದ ಮೊದಲ ದುರಸ್ತಿ ಮುಂದೆ ಹೇಳಲಿರುವ 1987ರದ್ದಲ್ಲ, 1937ರದ್ದು. ಇದನ್ನು ಬಹಳ ಜನ ಮರೆಯುತ್ತಾರೆ. ಅದೇ ವರ್ಷ ನವೆಂಬರಿನಲ್ಲಿ ಆರ್ಥರ್ ಕ್ಲೌಸ್ಟನ್ ಮತ್ತು ಬೆಟ್ಟಿ ಕರ್ಬಿ-ಗ್ರೀನ್ ಇದರಲ್ಲಿ ಕೇಪ್ ಟೌನಿಗೆ ಹೋಗಿ ಆರು ದಿನದೊಳಗೆ ಮರಳಿದರು. ಬಟ್ಟೆ ಕಂಪನಿಯೊಂದು ಹಣ ಕೊಟ್ಟಿದ್ದರಿಂದ ಆಗ ಇದರ ಹೆಸರು 'ದಿ ಬರ್ಬೆರಿ'. 1938ರ ಮಾರ್ಚಿನಲ್ಲಿ ಕ್ಲೌಸ್ಟನ್ ಮತ್ತು ಪತ್ರಕರ್ತ ವಿಕ್ಟರ್ ರಿಕೆಟ್ಸ್ ನ್ಯೂಜಿಲೆಂಡಿಗೆ ಹೋಗಿ ಬಂದರು, 10 ದಿನ 21 ಗಂಟೆ 22 ನಿಮಿಷದಲ್ಲಿ. ಮೂರು ದಿನಕ್ಕೆಂದು ಕಟ್ಟಿದ್ದು ನಾಲ್ಕನೆಯ ವರ್ಷದಲ್ಲಿ ಭೂಗೋಳದ ಆ ತುದಿ ಮುಟ್ಟಿ ಬಂದಿತ್ತು.

ಆಮೇಲೆ ಯುದ್ಧ. ಗ್ರೇವ್ಸ್‌ಎಂಡ್‌ನಲ್ಲಿ ಬಯಲಿಗೆ ಬಿದ್ದಿತು. ಮರದ ವಿಮಾನಕ್ಕೆ ಮಳೆಗಿಂತ ದೊಡ್ಡ ಶತ್ರು ಇಲ್ಲ. ಕೊನೆಗೆ ಡಿ ಹ್ಯಾವಿಲೆಂಡ್ ಕಂಪನಿಯ ಕೈಗೇ ಬಂದು, ಅವರ ತಾಂತ್ರಿಕ ಶಾಲೆಯ ವಿದ್ಯಾರ್ಥಿಗಳು ಅದನ್ನು ನೋಡುವಂತೆ ಮಾಡಿದರು. 1951ರ ಬ್ರಿಟನ್ ಉತ್ಸವದಲ್ಲಿ ಮತ್ತೆ ಕೆಂಪಾಗಿ ಪ್ರದರ್ಶನಕ್ಕೆ ನಿಂತಿತು. ನೋಡುವಂತೆ ಮಾಡುವುದು ಬೇರೆ, ಹಾರುವಂತೆ ಮಾಡುವುದು ಬೇರೆ.

1965ರಲ್ಲಿ ಇದನ್ನು ಓಲ್ಡ್ ವಾರ್ಡನ್ ಎಂಬ ಹಳ್ಳಿಯಲ್ಲಿರುವ ಷಟಲ್‌ವರ್ತ್ ಸಂಗ್ರಹಕ್ಕೆ ಕೊಟ್ಟರು. ಈ ಸಂಗ್ರಹ ಹುಟ್ಟಿದ್ದು ರಿಚರ್ಡ್ ಷಟಲ್‌ವರ್ತ್ ಎಂಬ ಹುಚ್ಚು ಉತ್ಸಾಹಿಯಿಂದ. 1933ರಲ್ಲಿ ಅವರು ಕಾಂಪರ್ ಸ್ವಿಫ್ಟ್ ಎಂಬ ಒಬ್ಬರೇ ಕೂರುವ ಪುಟಾಣಿ ವಿಮಾನದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಾರಿಬಂದು ದೆಹಲಿಯ ವೈಸ್‌ರಾಯ್ ಪಂದ್ಯದಲ್ಲಿ ಭಾಗವಹಿಸಿದ್ದರು. ಅದೇ ಪಂದ್ಯಕ್ಕೆ ಸಿಲ್ಚಾರಿನ ಚಹಾ ತೋಟಗಾರ ಆಲ್ಬನ್ ಅಲಿ 'ಸ್ಕಾರ್ಲೆಟ್ ಏಂಜೆಲ್' ಎಂಬ ತಮ್ಮ ಸ್ವಿಫ್ಟ್ ತಂದಿದ್ದರು. ಭಾರತದಲ್ಲಿ ವಿಟಿ-ಎಡಿಒ ಎಂದು ನೋಂದಣಿಯಾಗಿದ್ದ ಆ ವಿಮಾನ ಇಂದು ಷಟಲ್‌ವರ್ತ್ ಹೆಸರಿನ ಸಂಗ್ರಹದಲ್ಲೇ ಇದೆ. ರಿಚರ್ಡ್ 1940ರಲ್ಲಿ ವಾಯುಪಡೆಯ ತರಬೇತಿಯಲ್ಲಿ ತೀರಿಕೊಂಡಾಗ 31 ವರ್ಷ. ಅವರ ತಾಯಿ ಮಗನ ಹೆಸರಿನಲ್ಲಿ ಟ್ರಸ್ಟ್ ಮಾಡಿದರು. ಹಳೆಯ ವಿಮಾನಗಳನ್ನು ಹಾರುವ ಸ್ಥಿತಿಯಲ್ಲೇ ಇಡಬೇಕು ಎಂಬುದು ಆ ಸಂಗ್ರಹದ ಹಟ. ಈ ಹಟಕ್ಕೆ ವಿರೋಧವೂ ಇದೆ. ಹಾರಿಸಿದರೆ ಬೀಳಬಹುದು, ಬಿದ್ದರೆ ಹೋಯಿತಲ್ಲ ಎನ್ನುತ್ತಾರೆ. ನನ್ನ ಒಲವು ಹಾರಿಸುವವರ ಕಡೆಗೆ. ಕಾರಣ ಭಾವುಕತೆ ಅಲ್ಲ. ಹಾರಬೇಕಾದ ವಿಮಾನವನ್ನು ದುರಸ್ತಿ ಮಾಡುವವನು ಒಳಗಿನ ಅಂಟನ್ನೂ ನೋಡಲೇಬೇಕಾಗುತ್ತದೆ, ಪ್ರದರ್ಶನದ ವಿಮಾನದಲ್ಲಿ ಬಣ್ಣ ನೋಡಿದರೆ ಸಾಕು. ವಿದ್ಯೆ ಉಳಿಯುವುದು ಮೊದಲನೆಯದರಲ್ಲಿ.

ಕಾಮೆಟ್‌ನ ದೊಡ್ಡ ದುರಸ್ತಿ ಶುರುವಾದದ್ದು 1970ರ ದಶಕದಲ್ಲಿ. ಓಲ್ಡ್ ವಾರ್ಡನ್, ಫಾರ್ನ್‌ಬರೋ ಹೀಗೆ ಸುತ್ತಿ, ಕೊನೆಗೆ ಅದು ಹುಟ್ಟಿದ ಹ್ಯಾಟ್‌ಫೀಲ್ಡಿನಲ್ಲೇ ಮುಗಿಯಿತು. ಬ್ರಿಟನ್ನಿನ ಅನೇಕ ಕಂಪನಿಗಳು ಹಣ, ಸಾಮಗ್ರಿ, ಕೆಲಸ ಕೊಟ್ಟವು. ಕೆಲವೇ ತಿಂಗಳಲ್ಲಿ ಕಟ್ಟಿದ್ದನ್ನು ಸರಿಪಡಿಸಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಯಾಕೆ ಬೇಕಾಯಿತು? ಮರದ ವಿಮಾನದ ದುರಸ್ತಿ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡಿದರೆ ಉತ್ತರ ಸಿಗುತ್ತದೆ.

ಲೋಹ ಬಿರುಕು ಬಿಟ್ಟರೆ ಕಾಣುತ್ತದೆ, ತುಕ್ಕು ಹಿಡಿದರೆ ಕಾಣುತ್ತದೆ. ಮರದಲ್ಲಿ ಅಂಟು ಸೋತರೆ ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೆ ಮೈತುಂಬ ಬೆರಳುಗಂಟಿನಿಂದಲೋ ಸಣ್ಣ ಸುತ್ತಿಗೆಯಿಂದಲೋ ತಟ್ಟುತ್ತಾ ಹೋಗುತ್ತಾರೆ. ಗಟ್ಟಿ ಬೆಸುಗೆಯ ಸದ್ದು ಬಿಗಿಯಾಗಿ ಬರುತ್ತದೆ, ಬಿಟ್ಟುಕೊಂಡ ಕಡೆ ಪೊಳ್ಳು. ಪೊಳ್ಳು ಸದ್ದು ಬಂದ ಕಡೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಾರೆ. ಆಮೇಲೆ ತೇವ ಅಳೆಯುವುದು. ಮರದಲ್ಲಿ ತೇವಾಂಶ ಹೆಚ್ಚಿದ್ದರೆ ಹೊಸ ಅಂಟು ಹಿಡಿಯುವುದಿಲ್ಲ, ಹಾಗಾಗಿ ದಿನಗಟ್ಟಲೆ ಒಣಗಲು ಬಿಡಬೇಕು. ಕೆಟ್ಟ ಮರವನ್ನು ಕತ್ತರಿಸಿ ತೆಗೆದು ಹೊಸ ಮರ ಸೇರಿಸುವಾಗ ಎದುರುಬದುರು ನೇರವಾಗಿ ಕೂಡಿಸುವಂತಿಲ್ಲ, ಆ ಜಾಗದಲ್ಲೇ ಮುರಿಯುತ್ತದೆ. ಎರಡೂ ತುದಿಗಳನ್ನು ಉದ್ದನೆಯ ಓರೆಯಲ್ಲಿ ಕೀಸಿ ಒಂದರ ಮೇಲೊಂದು ಕೂರಿಸಬೇಕು. ಓರೆ ಎಷ್ಟು? ದಪ್ಪ ಒಂದು ಪಾಲಿದ್ದರೆ ಉದ್ದ ಹನ್ನೆರಡು ಪಾಲು. 10 ಮಿಲಿಮೀಟರ್ ಹಲಗೆಗೆ 12 ಸೆಂಟಿಮೀಟರ್ ಓರೆ. ಕೀಸುಳಿಯಲ್ಲಿ ಕೂದಲಷ್ಟು ಹೆಚ್ಚುಕಡಿಮೆಯಾದರೂ ನಡುವೆ ಸಂದು ಉಳಿಯುತ್ತದೆ, ಸಂದಿಯಲ್ಲಿ ಅಂಟು ದಪ್ಪವಾಗಿ ಕೂತರೆ ಬಲವಿಲ್ಲ. ಜೊತೆಗೆ ಪ್ರತಿಸಲ ಅಂಟು ಕಲಸಿದಾಗಲೂ ಅದೇ ಅಂಟಿನಿಂದ ಚಿಕ್ಕ ತುಂಡುಗಳನ್ನು ಜೋಡಿಸಿ, ಒಣಗಿದ ಮೇಲೆ ಮುರಿದು ನೋಡುವ ಪದ್ಧತಿ. ಮರ ಸೀಳಿದರೆ ಅಂಟು ಪಾಸು. ಅಂಟಿನ ಗೆರೆಯಲ್ಲೇ ಬಿಟ್ಟರೆ ಆ ದಿನದ ಕೆಲಸವನ್ನೆಲ್ಲ ಬಿಚ್ಚಬೇಕು.

ಈಗ ಹ್ಯಾಗ್ ಅವರ ರೆಕ್ಕೆಯನ್ನು ನೆನಪಿಸಿಕೊಳ್ಳಿ. ಭಾರ ಹೊರುವುದು ಹೊರಮೈಯೇ, ಒಂದು ಕೂದಲೆಳೆ ಮರವೂ ಹೆಚ್ಚಿಲ್ಲ. ಬೇರೆ ವಿಮಾನದಲ್ಲಿ ಹೊರಮೈಯ ಒಂದು ತುಂಡು ತೆಗೆದರೆ ತೆಗೆದಂತೆ, ಒಳಗಿನ ತೊಲೆ ಆಕಾರ ಹಿಡಿದುಕೊಂಡಿರುತ್ತದೆ. ಇಲ್ಲಿ ಒಂದು ತುಂಡು ತೆಗೆದರೆ ರೆಕ್ಕೆಯ ಬಲವನ್ನೇ ತೆಗೆದಂತೆ. ಅವಸರದಲ್ಲಿ ಕಂಡುಕೊಂಡ ಜಾಣತನ ನಿಧಾನವಾಗಿ ದುರಸ್ತಿ ಮಾಡುವವನಿಗೆ ತಲೆನೋವಾಗುವುದು ಹೀಗೆ.

ಮರದ ವಿಮಾನಗಳ ಕುರಿತ ಈ ಭಯಕ್ಕೂ ನಮ್ಮ ದೇಶಕ್ಕೂ ಒಂದು ಹಳೆಯ ನಂಟು ಇದೆ. ಇದೇ ಡಿ ಹ್ಯಾವಿಲೆಂಡ್ ಕಂಪನಿ ಎರಡನೆಯ ಮಹಾಯುದ್ಧದಲ್ಲಿ ಮಾಸ್ಕಿಟೊ ಎಂಬ ಮರದ ಬಾಂಬರ್ ಮಾಡಿತು. 1944ರ ಕೊನೆಯಲ್ಲಿ ಭಾರತದಲ್ಲಿದ್ದ ಮಾಸ್ಕಿಟೊಗಳ ರೆಕ್ಕೆಗಳು ಹಾರುವಾಗಲೇ ಕಳಚತೊಡಗಿದಾಗ ಎಲ್ಲವನ್ನೂ ನೆಲಕ್ಕಿಳಿಸಿದರು. ಮೊದಲು ಬೈದದ್ದು ನಮ್ಮ ಸೆಕೆಯನ್ನೂ ಮಳೆಗಾಲವನ್ನೂ. ಕಂಪನಿಯಿಂದ ಬಂದವರೂ ಮಳೆಗಾಲದ ತೇವವನ್ನೇ ದೂರಿದರು. ಆಮೇಲಿನ ತನಿಖೆಗಳಲ್ಲಿ ತಯಾರಿಕೆಯಲ್ಲೇ ಜೋಡಣೆಯ ದೋಷಗಳು ಇದ್ದದ್ದು ಬೆಳಕಿಗೆ ಬಂತು. ಹವಾಮಾನದ ಮೇಲೆ ತಪ್ಪು ಹೊರಿಸುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ.

ಇನ್ನೊಂದು ಪ್ರಶ್ನೆ, ದುರಸ್ತಿ ಯಾವ ವರ್ಷದ ವಿಮಾನಕ್ಕೆ? 1934ರಲ್ಲಿ ಗ್ರೋವ್ನರ್ ಹೌಸ್, ಆಮೇಲೆ ಸೇನೆಯ ಕೆ5084, 1937ರಲ್ಲಿ ಬರ್ಬೆರಿ. ಬಣ್ಣ ಬೇರೆ, ಎಂಜಿನ್ ಬೇರೆ. ಕೊನೆಗೆ ಗೆದ್ದ ದಿನದ ಕೆಂಪು ಬಣ್ಣ, ಗ್ರೋವ್ನರ್ ಹೌಸ್ ಎಂಬ ಹೆಸರು, ಪಂದ್ಯದ ಸಂಖ್ಯೆ 34 ಇವನ್ನು ಆರಿಸಿದರು. ಒಪ್ಪತಕ್ಕ ಆಯ್ಕೆ. ಆದರೂ ನನಗೆ ಸ್ವಲ್ಪ ಬೇಸರ, ಕ್ಲೌಸ್ಟನ್‌ರ ಎರಡು ಅಸಾಧ್ಯ ಹಾರಾಟಗಳು ಆ ಬಣ್ಣದಡಿ ಮರೆಯಾದವು. ವಿಜಯೋತ್ಸವದ ಬಣ್ಣಕ್ಕೆ ಎಲ್ಲ ಕಾಲದಲ್ಲೂ ಮತ ಹೆಚ್ಚು.

1987ರ ಮೇ 17ರಂದು ಹ್ಯಾಟ್‌ಫೀಲ್ಡಿನಿಂದ ಅದು ಮತ್ತೆ ಮೇಲೆದ್ದಿತು, 1938ರ ನಂತರ ಮೊದಲ ಸಲ ಎನ್ನಬಹುದು. ತೊಂದರೆ ಅಲ್ಲಿಗೆ ಮುಗಿಯಲಿಲ್ಲ. ಓಲ್ಡ್ ವಾರ್ಡನ್‌ನ ಹುಲ್ಲಿನ ರನ್‌ವೇ ಇದಕ್ಕೆ ಗಿಡ್ಡ, ಹಾಗಾಗಿ ಹ್ಯಾಟ್‌ಫೀಲ್ಡಿನಲ್ಲೇ ಇಟ್ಟುಕೊಳ್ಳಬೇಕಾಯಿತು. 1994ರಲ್ಲಿ ಹ್ಯಾಟ್‌ಫೀಲ್ಡ್ ನಿಲ್ದಾಣವೇ ಮುಚ್ಚಿತು. ಓಲ್ಡ್ ವಾರ್ಡನ್‌ನವರು ತಮ್ಮ ರನ್‌ವೇಯನ್ನು ಉದ್ದ ಮಾಡಿದರು. 2002ರಲ್ಲಿ ಇಳಿಯುವಾಗ ಚಕ್ರದ ಕಾಲು ಕುಸಿಯಿತು. ಮತ್ತೆ ಹ್ಯಾಂಗರ್ ಸೇರಿ, ಮತ್ತೆ ಹಾರಿದ್ದು 2014ರ ಆಗಸ್ಟ್ 1ರಂದು. ಹನ್ನೆರಡು ವರ್ಷ! ಅದರಲ್ಲಿ ಹೆಚ್ಚಿನ ಪಾಲು ಚಕ್ರದ ಕಾಲಿಗೇ ಹೋಯಿತು. 1934ರಲ್ಲಿ ಪಂದ್ಯಕ್ಕೆ ಸಾಕು ಎಂದು ಮಾಡಿದ ಆ ಕಾಲು ಸೇನೆಯ ದಿನಗಳಿಂದಲೂ ಈ ವಿಮಾನದ ದುರ್ಬಲ ಜಾಗ.

ಸಭೆಯ ಕೊನೆಯಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದರು, ಜಬಲ್ಪುರದ ಬಸ್ ಪೆಟ್ರೋಲ್ ಕುಡಿದ ಆ ಕಪ್ಪು ವಿಮಾನ ಏನಾಯಿತು ಎಂದು. ಅದು ಅಲಹಾಬಾದಿನಲ್ಲೇ ಮಣ್ಣಾಗಲಿಲ್ಲ. ಪೋರ್ಚುಗಲ್ ಸರಕಾರ ಅದನ್ನು ಕೊಂಡು 'ಸಲಜಾರ್' ಎಂದು ಹೆಸರಿಟ್ಟು ಹಾರಿಸಿತು. ಆಮೇಲೆ ಎಲ್ಲರ ನೆನಪಿನಿಂದ ಜಾರಿತು. 1979ರಲ್ಲಿ ಪೋರ್ಚುಗಲ್ಲಿನಲ್ಲಿ ಜೀರ್ಣವಾಗಿ ಬಿದ್ದಿದ್ದದ್ದು ಸಿಕ್ಕಿತು, ಇಂಗ್ಲೆಂಡಿಗೆ ತಂದರು. ಡರ್ಬಿ ಬಳಿಯ ಸಣ್ಣ ವಿಮಾನ ನಿಲ್ದಾಣದಲ್ಲಿ ಸ್ವಯಂಸೇವಕರ ತಂಡವೊಂದು ಅದನ್ನು ಹಾರುವ ಸ್ಥಿತಿಗೆ ತರಲು ಕೈಹಾಕಿತು. ಉಳಿದ ಲೋಹದ ಭಾಗಗಳನ್ನು ಇಟ್ಟುಕೊಂಡು, ಕೊಳೆತ ಮರವನ್ನು ಹೊಸದಾಗಿ ಕಟ್ಟುವ ಕೆಲಸ ಅದು. ಕೆಂಪು ಕಾಮೆಟ್‌ಗೆ ದೊಡ್ಡ ಕಂಪನಿಗಳ ಬೆನ್ನಿತ್ತು, ಇವರಿಗೆ ದೇಣಿಗೆ ಮತ್ತು ಬಿಡುವಿನ ವೇಳೆ.

ಅದಕ್ಕೂ ಸೈಕಲ್ ಪಂಪಿನ ಪ್ರೊಪೆಲ್ಲರ್ ಹಾಕುತ್ತಾರೆಯೇ ಎಂದು ಇನ್ನೊಬ್ಬರು ಕೇಳಿದರು. ನನ್ನನ್ನು ಕೇಳಿದರೆ, ನೋಡಲು ಒಂದು ಇರಲಿ, ಹಾರಲು ಮಾತ್ರ ಪೈಲಟ್ ಹಿಂದಕ್ಕೂ ತಿರುಗಿಸಬಲ್ಲಂಥದ್ದು ಇರಲಿ.